ಎತ್ತುಬಿಚ್ಚುವ ದಿಣ್ಣೆ, ಪಟೇಲರ ಜಗಲಿ

ಹೋದ ತಿಂಗಳು ತಂಗಿಯ ಮಗನ ಕಾರಿನಲ್ಲಿ ಗುಡ್ಡದಹಟ್ಟಿಯ ಕಡೆ ಹೋಗುವ ಪ್ರಸಂಗ ಬಂತು. ಎತ್ತುಬಿಚ್ಚುವ ದಿಣ್ಣೆಯ ನೆತ್ತಿ ತಲುಪಿದಾಗ ಅಲ್ಲಿ ಐದಾರು ಜನ ಸೈಕಲ್ ನಿಲ್ಲಿಸಿಕೊಂಡು ನಿಂತಿದ್ದರು. ಮೈಗೆ ಅಂಟಿದ ಗಿಳಿಹಸಿರು ಬಟ್ಟೆ, ತಲೆಯ ಮೇಲೆ ಸೀಳಿದ ಕುಂಬಳಕಾಯಿಯಂಥ ಟೋಪಿ, ಬೆರಳು ಅರ್ಧಕ್ಕೇ ನಿಂತ ಗವಸು. ತರೀಕೆರೆಯಿಂದ ಬೆಳಿಗ್ಗೆ ಹೊರಟು ಬಂದವರಂತೆ. ಬಾಟಲಿಯಿಂದ ಯಾವುದೋ ಬಣ್ಣದ ನೀರು ಹೀರುತ್ತ, ಈ ಗುಡ್ಡವನ್ನು ತಾವೇ ಈಗಷ್ಟೇ ಕಂಡುಹಿಡಿದವರ ಹಾಗೆ ಸುತ್ತಲೂ ನೋಡುತ್ತಿದ್ದರು.

ಅವರಲ್ಲೊಬ್ಬ ಫೋನನ್ನು ನನ್ನ ಕೈಗೆ ಕೊಟ್ಟು, “ಅಂಕಲ್, ಒಂದು ಫೋಟೋ ತೆಗೀತೀರಾ? ಈ ಕ್ಲೈಂಬ್ ಬಗ್ಗೆ ಏನೇನೋ ಹೆದರಿಸಿದ್ರು. ಅಂಥ ಟಫ್ ಏನಿಲ್ಲ” ಅಂದ.

ಟಫ್ ಇಲ್ಲವಂತೆ. ತಿರುವು ಕಡಿದು, ದಿಬ್ಬ ತಗ್ಗಿಸಿ, ಡಾಂಬರು ಬಳಿದು, ಸೈಕಲ್ಲಿಗೆ ಹಿಂದೆಮುಂದೆ ಗೇರು ಕಟ್ಟಿಕೊಟ್ಟರೆ ನಮ್ಮಜ್ಜಿಯೂ ಹತ್ತುತ್ತಿದ್ದಳು. ಅದಕ್ಕಿಂತ ಮುಖ್ಯವಾಗಿ, ದಿಣ್ಣೆಯ ಬುಡದಲ್ಲಿ ಈಗ ಪಟೇಲರ ಜಗಲಿ ಇಲ್ಲ. ಇದನ್ನೆಲ್ಲ ಅವನಿಗೆ ಬಿಡಿಸಿ ಹೇಳುವಷ್ಟು ತಾಳ್ಮೆ ನನಗೆ ಪ್ರಾಯದಲ್ಲೇ ಇರಲಿಲ್ಲ, ಈಗ ಎಲ್ಲಿಂದ ಬರಬೇಕು. ಫೋಟೋ ತೆಗೆದುಕೊಟ್ಟೆ. ಎಲ್ಲರ ತಲೆ ಕತ್ತರಿಸಿ ತೆಗೆದಿದ್ದೆನೆಂದು ಕಾರು ಹತ್ತಿದ ಮೇಲೆ ನಮ್ಮ ಹುಡುಗ ಬೈದ.

ಎಪ್ಪತ್ತೆಂಟನೇ ಇಸವಿಯ ಮಾತು. ನಾನು ಅಜ್ಜಂಪುರದ ಸೀಮೆಯ ಒಂದು ಸಣ್ಣ ದನದ ಆಸ್ಪತ್ರೆಯಲ್ಲಿ ಸ್ಟಾಕ್‌ಮನ್ ಆಗಿದ್ದೆ. ರಾಸುಗಳಿಗೆ ಸೂಜಿ ಚುಚ್ಚುವುದು, ಕೊಳೆತ ಗೊರಸು ತೊಳೆಯುವುದು, ಡಾಕ್ಟರು ಇಲ್ಲದಾಗ ಡಾಕ್ಟರಾಗುವುದು ನನ್ನ ಕೆಲಸ. ನಮ್ಮ ಡಾಕ್ಟರು ಬಹಳ ಒಳ್ಳೆಯವರು. ಅಂಥ ಒಳ್ಳೆಯವರೆಲ್ಲ ಇರುವ ಹಾಗೆ ಅವರೂ ಯಾರ ತಂಟೆಗೂ ಹೋಗುತ್ತಿರಲಿಲ್ಲ, ಕುರ್ಚಿ ಬಿಟ್ಟು ಎಲ್ಲಿಗೂ ಹೋಗುತ್ತಿರಲಿಲ್ಲ. ಆ ವರ್ಷ ಮೇಲಿನಿಂದ ಒಂದು ಹೊಸ ಹುರುಪು ಬಂದಿತ್ತು. ನಾಟಿ ಹಸುಗಳಿಗೆ ಜಾತಿ ಹೋರಿಯ ಬೀಜ ಕೊಟ್ಟು ಹೆಚ್ಚು ಹಾಲು ಕೊಡುವ ಕರು ಹುಟ್ಟಿಸಬೇಕು ಎಂದು. ಊರವರು ಇದಕ್ಕೆ ‘ಇಂಜೆಕ್ಷನ್ ಕೊಡ್ಸೋದು’ ಎನ್ನುತ್ತಿದ್ದರು.

ಈಗಿನ ಹಾಗೆ ಬೀಜವನ್ನು ಹೆಪ್ಪುಗಟ್ಟಿಸಿಡುವ, ಹೊಗೆಯಾಡುವ ದೊಡ್ಡ ಡಬ್ಬಿಗಳು ಆಗ ಬಂದಿರಲಿಲ್ಲ. ಬೀಜವನ್ನು ಸಣ್ಣ ಶೀಷೆಗಳಲ್ಲಿ ತುಂಬಿ, ಐಸಿನಲ್ಲಿಟ್ಟು ಬಸ್ಸಿನಲ್ಲಿ ಕಳಿಸುತ್ತಿದ್ದರು. ಹಳ್ಳಿಗೆ ಹೋಗುವಾಗ ನಾನು ಒಂದೆರಡು ಶೀಷೆಯನ್ನು ಹಳೆಯ ಫ್ಲಾಸ್ಕಿಗೆ ಹಾಕಿ, ಐಸ್‌ಕ್ಯಾಂಡಿ ಅಂಗಡಿಯಿಂದ ತಂದ ಚೂರು ಐಸನ್ನು ಸುತ್ತ ತುಂಬಿ, ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿಕೊಂಡು ಹೊರಡುತ್ತಿದ್ದೆ. ಫ್ಲಾಸ್ಕಿನ ಬಿರಡೆ ಸವೆದಿತ್ತು. ಹೊಸದು ಬೇಕೆಂದು ಬರೆದು ಹಾಕಿದರೆ, ಇದ್ದದ್ದರಲ್ಲೇ ನಿಭಾಯಿಸಿ ಎಂದು ಉತ್ತರ ಬಂದಿತ್ತು. ಐಸು ಕರಗಿ ನೀರು ಬೆಚ್ಚಗಾಯಿತೋ, ಒಳಗಿದ್ದ ಬೀಜ ಸತ್ತ ಹಾಗೆ. ಆಮೇಲೆ ಅದನ್ನು ಹಸುವಿಗೆ ಕೊಟ್ಟರೂ ಒಂದೇ, ಹುತ್ತಕ್ಕೆ ಹೊಯ್ದರೂ ಒಂದೇ.

ನಮ್ಮ ಆಸ್ಪತ್ರೆಯ ಸುತ್ತಿನ ಹಳ್ಳಿಗಳಲ್ಲಿ ಹಸುಗಳು ಗಬ್ಬ ನಿಲ್ಲುತ್ತಿದ್ದವು. ಗುಡ್ಡದಹಟ್ಟಿಯಲ್ಲಿ ಮಾತ್ರ ಒಂದೂ ನಿಲ್ಲಲಿಲ್ಲ. ಗುಡ್ಡದಹಟ್ಟಿ ಇರುವುದು ದಿಣ್ಣೆಯ ಮೇಲೆ. ಹಿಂದೆ ಈರುಳ್ಳಿ ಹತ್ತಿ ತುಂಬಿದ ಗಾಡಿಗಳು ಅಲ್ಲಿಗೆ ಬಂದಾಗ ಒಂದು ಜೊತೆ ಎತ್ತಿನಿಂದ ಏರಲಾಗದೆ, ಹಿಂದಿನ ಗಾಡಿಯ ಎತ್ತು ಬಿಚ್ಚಿ ಮುಂದಿನದಕ್ಕೆ ಕಟ್ಟುತ್ತಿದ್ದರಂತೆ. ಅದಕ್ಕೇ ಆ ಹೆಸರು. “ಆ ದಿಣ್ಣೆ ಹತ್ತೋ ಹೊತ್ಗೆ ಔಷಧಿ ಕುಲುಕಾಡಿ ಸತ್ತೋಗ್ತದೆ ಸಾ” ಎಂದು ಜನ ತೀರ್ಮಾನಿಸಿಬಿಟ್ಟಿದ್ದರು. ನಮ್ಮ ಡಾಕ್ಟರೂ ತಲೆಯಾಡಿಸಿ, ಇರಬಹುದು ಎಂದರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಮ್ಮ ಸೀಮೆಯಲ್ಲಿ ಓದಿದವರೂ ಓದದವರೂ ಒಟ್ಟಿಗೆ ನಿಂತು ನೆಲವನ್ನು ಬೈಯುತ್ತಿದ್ದರು.

ನಿಜವಾದ ಡೊಂಕು ದಿಣ್ಣೆಯ ಬುಡದ ಬಾಗಿಲಹಳ್ಳಿಯಲ್ಲಿತ್ತು. ಆ ಊರಿನ ಬೀದಿ ನೇರ, ಕೊಂಚ ಇಳಿಜಾರು. ಅಲ್ಲಿಂದ ಬೀಸಾಗಿ ತುಳಿದುಕೊಂಡು ಬಂದರೆ ಆ ಓಟಕ್ಕೇ ಮೊದಲ ತಿರುವು ದಾಟಬಹುದು. ಮೊದಲ ತಿರುವು ದಾಟಿದ ಮೇಲೆ ಉಳಿದದ್ದು ತೊಡೆಯ ಶಕ್ತಿಗೆ ಬಿಟ್ಟದ್ದು. ಆದರೆ ಇಳಿಜಾರು ಮುಗಿದು ಏರು ಶುರುವಾಗುವ ಸರಿಯಾದ ಜಾಗದಲ್ಲಿ, ದಾರಿಗೆ ಮುಖ ಮಾಡಿಕೊಂಡು, ಪಟೇಲ್ ರುದ್ರಪ್ಪಗೌಡರ ಜಗಲಿ ಇತ್ತು. ಜಗಲಿಯ ಮೇಲೆ ಪಟೇಲರು ಇದ್ದರು. ಪಟೇಲರ ಎದುರಿಗೆ ಯಾರೂ ಸೈಕಲ್ ಮೇಲೆ ಕೂತು ಹೋಗುವ ಹಾಗಿರಲಿಲ್ಲ.

ಇದನ್ನು ಯಾರೂ ಬರೆದಿಟ್ಟಿರಲಿಲ್ಲ, ಯಾರೂ ಡಂಗುರ ಸಾರಿರಲಿಲ್ಲ. ಜಗಲಿಗೆ ಮೊದಲು ಒಂದು ಹುಣಸೆಮರ. ಅಲ್ಲಿ ಇಳಿಯಬೇಕು, ತಲೆಗೆ ಸುತ್ತಿದ ಟವಲು ತೆಗೆಯಬೇಕು, ಸೈಕಲ್ ತಳ್ಳಿಕೊಂಡು ಜಗಲಿಯ ತನಕ ಬಂದು ನಿಲ್ಲಬೇಕು. ಪಟೇಲರು ಎಲೆಗೆ ಸುಣ್ಣ ಹಚ್ಚಿ ಮಡಿಸಿ ಬಾಯಿಗಿಟ್ಟು, ಎಲ್ಲಿಗೆ, ಯಾಕೆ, ಮಳೆ ಎಲ್ಲೆಲ್ಲಿ ಆಯ್ತು ಎಂದೆಲ್ಲ ಕೇಳಿ, ಕೊನೆಗೆ “ಹೂಂ, ಹೋಗು” ಅಂದ ಮೇಲೆ ಹೊರಡಬೇಕು. ಸರ್ಕಾರ ಪಟೇಲಿಕೆಯನ್ನು ತೆಗೆದುಹಾಕಿ ಎಷ್ಟೋ ವರ್ಷವಾಗಿತ್ತು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಹಾಗೆ ಅವರು ಜಗಲಿಯ ಮೇಲೆ ಹಾಗೇ ಕೂತಿದ್ದರು. ತಮಾಷೆಯೆಂದರೆ ಅವರಿಗೆ ಸೈಕಲ್ ಹೊಡೆಯಲು ಬರುತ್ತಿರಲಿಲ್ಲ. ಮಗನಿಗೆ ಮಾವನ ಮನೆಯವರು ಕೊಟ್ಟ ಹೊಸ ಸೈಕಲ್ಲು ಪಡಸಾಲೆಯ ಗೋಡೆಗೆ ಒರಗಿ, ಹ್ಯಾಂಡಲ್ಲಿನ ಕಾಗದವನ್ನೂ ಬಿಚ್ಚಿಸಿಕೊಳ್ಳದೆ, ಆಯುಧಪೂಜೆಗೊಮ್ಮೆ ಕುಂಬಳಕಾಯಿ ಒಡೆಸಿಕೊಳ್ಳುತ್ತಿತ್ತು. ಅಪ್ಪನ ಎದುರಿಗೆ ಹತ್ತುವಂತಿಲ್ಲ, ಅಪ್ಪ ಜಗಲಿ ಬಿಟ್ಟು ಏಳುವುದಿಲ್ಲ. ಆ ಮಗ ಮೀಸೆ ಹೊತ್ತ ಗಂಡಸು, ಎರಡು ಮಕ್ಕಳ ತಂದೆ, ಸಂತೆಗೆ ನಡೆದುಕೊಂಡೇ ಹೋಗುತ್ತಿದ್ದ.

ಆ ಬೇಸಿಗೆಯೆಲ್ಲ ನಾನೂ ಇಳಿದೆ. ಕುರಿಮಂದೆಯಲ್ಲಿ ಒಂದು ಕುರಿ. ನನ್ನ ಸೈಕಲ್ಲು ಬಿಸಿಲಿನಲ್ಲಿ ಗೋಡೆಗೆ ಒರಗಿ ನಿಂತಿರುತ್ತಿತ್ತು, ಫ್ಲಾಸ್ಕು ಅದರ ಬೆನ್ನ ಮೇಲೆ. ಓಟ ಹೋದ ಮೇಲೆ ದಿಣ್ಣೆಯನ್ನು ಹತ್ತುವ ಪ್ರಶ್ನೆಯೇ ಇಲ್ಲ. ನೆತ್ತಿಯ ತನಕ ತಳ್ಳಿಕೊಂಡು ಹೋಗಬೇಕು. ಒಮ್ಮೆ ಮೇಲೆ ಹೋಗಿ ಬಿರಡೆ ತೆಗೆದು ಬೆರಳಿಟ್ಟರೆ ನೀರು ಸ್ನಾನಕ್ಕೆ ಹದವಾಗಿತ್ತು. ಮರುಸಲ ಜಗಲಿಯ ಎದುರು ನಿಂತಾಗ ಬಾಯಿ ಬಿಟ್ಟು ಹೇಳಿಯೇ ಹೇಳಿದೆ.

“ಗೌಡ್ರೆ, ಐಸು ಕರಗುತ್ತೆ. ಬೇಗ ಹೋಗ್ಬೇಕು.”

ಪಟೇಲರು ನಿಧಾನವಾಗಿ ಉಗುಳಿದರು. “ಐಸು ಕರಗ್ತದೆ ಅಂತ ಮರ್ಯಾದೆನೂ ಕರಗಿಸ್ಕೊಳ್ಳಕ್ಕಾಗುತ್ತೇನಪ್ಪಾ?” ಅಂದರು. ಸುತ್ತ ಕೂತಿದ್ದ ಗುಡ್ಡದಹಟ್ಟಿಯ ನಾಲ್ಕು ಜನ ನಕ್ಕರು. ಅವರ ಮನೆಯ ಹಸುಗಳೂ ಗಬ್ಬ ನಿಲ್ಲದೆ ಕೂತಿದ್ದವು, ಆದರೂ ನಕ್ಕರು.

ಗುಡ್ಡದಹಟ್ಟಿಯಲ್ಲಿ ಗಂಗಮ್ಮ ಎಂಬ ಹೆಂಗಸಿದ್ದಳು. ಗಿಡ್ಡನೆಯ ಆಳು, ದೊಡ್ಡ ಗಂಟಲು, ಬಾಯಲ್ಲಿ ಸದಾ ಹೊಗೆಸೊಪ್ಪು. ನಾನು ಗಂಗಕ್ಕ ಎನ್ನುತ್ತಿದ್ದೆ. ಆಕೆಗೆ ಇದ್ದದ್ದು ಒಂದೇ ಹಸು, ಹೆಸರು ಕೆಂಪಿ. ಆ ಕೆಂಪಿಗೆ ನಾನು ಬೇಸಿಗೆಯಿಂದ ಮೂರು ಸಲ ಇಂಜೆಕ್ಷನ್ ಕೊಟ್ಟಿದ್ದೆ, ಮೂರು ಸಲವೂ ನಿಲ್ಲಲಿಲ್ಲ. ಗಂಗಕ್ಕನ ಗಂಡ ತಿಮ್ಮಣ್ಣ ಅದನ್ನು ಗೊಡ್ಡು ಎಂದು ತೀರ್ಮಾನಿಸಿ ದನದ ದಲ್ಲಾಳಿಯ ಜೊತೆ ಮಾತು ಮುಗಿಸಿದ್ದ. ದಲ್ಲಾಳಿ ಅದನ್ನು ಎಲ್ಲಿಗೆ ಹೊಡೆಯುತ್ತಾನೆಂದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹಾಗೆ ಹೇಳದಿರುವುದನ್ನು ಅವರು ಧರ್ಮ ಎಂದುಕೊಂಡಿದ್ದರು.

ಗಂಗಕ್ಕ ಮಾತ್ರ ಬಗ್ಗಲಿಲ್ಲ. “ಇನ್ನೊಂದ್ ಸಲ ಬೆದೆಗೆ ಬರ್ಲಿ. ಅವಾಗ್ಲೂ ನಿಲ್ಲಲಿಲ್ಲ ಅಂದ್ರೆ ನಿನ್ ದಲ್ಲಾಳಿನ ಕರ್ಕೊಂಬಾ” ಎಂದು ಗಂಡನ ಬಾಯಿ ಮುಚ್ಚಿಸಿದ್ದಳು. ನನ್ನ ಹತ್ತಿರ, “ಅದು ನನ್ ಮಗಳಿದ್ದಂಗೆ ಕಣಪ್ಪ. ಗೊಡ್ಡು ಅನ್ನಿಸ್ಕೊಂಡು ಹೋಗಬಾರ್ದು” ಅಂದಳು. ಆಕೆ ಕಣ್ಣೀರು ಹಾಕಲಿಲ್ಲ. ಹಾಕಿದ್ದರೆ ನನಗೆ ಸಲೀಸಾಗುತ್ತಿತ್ತು. ನನ್ನ ಮುಖವನ್ನೇ ನೋಡುತ್ತ ನಿಂತಳು. ಅವತ್ತು ದಿಣ್ಣೆ ಇಳಿಯುವಾಗ ನನಗೆ ಎಲ್ಲರ ಮೇಲೂ ರೇಗುತ್ತಿತ್ತು.

ಭಾದ್ರಪದದಲ್ಲಿ ಮಳೆ ಬಿಟ್ಟು ಸುಡುಬಿಸಿಲು ಬಿತ್ತು. ಎರೆಹೊಲ ಒಣಗಿ ಬಿರುಕು ಬಿಟ್ಟು, ದಾರಿಯ ಕೆಸರು ಗಾಡಿಜಾಡಿನ ಅಚ್ಚಿನಲ್ಲಿ ಗಟ್ಟಿಯಾಗಿತ್ತು. ಒಂದು ಬೆಳಿಗ್ಗೆ ಹಾಲು ತಂದವನ ಬಾಯಲ್ಲಿ ಗಂಗಕ್ಕ ಹೇಳಿಕಳಿಸಿದಳು: ಕೆಂಪಿ ರಾತ್ರಿಯಿಂದ ಕೂಗ್ತಾ ಐತೆ, ಬೇಗ ಬಾ.

ಐಸು ತುಂಬಿಕೊಂಡು ಹೊರಟೆ. ಬಾಗಿಲಹಳ್ಳಿಯ ಬೀದಿ ಹಿಡಿದಾಗ ಇಳಿಜಾರಿನಲ್ಲಿ ಸೈಕಲ್ಲು ತಾನಾಗಿ ಓಡತೊಡಗಿತು. ಎದುರಿಗೆ ಇಬ್ಬರು ಸೈಕಲ್ ತಳ್ಳಿಕೊಂಡು ಬರುತ್ತಿದ್ದರು, ಜಗಲಿ ದಾಟಿ ಬಹಳ ದೂರ ಬಂದಿದ್ದರೂ ಇನ್ನೂ ಹತ್ತಿರಲಿಲ್ಲ. ಬೆನ್ನಿಗೆ ಪಟೇಲರ ಕಣ್ಣು ಬಿದ್ದಿದೆಯೋ ಇಲ್ಲವೋ ಎಂದು ಹಿಂತಿರುಗಿ ನೋಡುವ ಧೈರ್ಯವೂ ಇರಲಿಲ್ಲ ಅವರಿಗೆ. ಅವರ ಮುಖ ನೋಡಿದ್ದೇ ನನಗೆ ಅಸಹ್ಯವಾಯಿತು. ಹುಣಸೆಮರ ಬಂತು. ಕಾಲು ಅಭ್ಯಾಸದಂತೆ ಪೆಡಲು ಬಿಡಲು ಹೊರಟಿತು. ನಾನು ಬಿಡಲಿಲ್ಲ, ಇನ್ನೂ ಜೋರಾಗಿ ತುಳಿದೆ.

ಜಗಲಿಯ ಮೇಲೆ ಪಟೇಲರು ಎಲೆ ಮಡಿಸುತ್ತಿದ್ದರು. ಸುಣ್ಣದ ಬೆರಳು ಹಾಗೇ ನಿಂತಿತು. ನನ್ನ ತಲೆಯ ಮೇಲೆ ಟವಲು, ಕೆಳಗೆ ಸೀಟು.

“ನಿಂತ್ರೆ ಕೆಟ್ಟೋಗ್ತದೆ ಗೌಡ್ರೆ” ಎಂದು ಕೂಗಿ ಹೇಳಿ ದಾಟಿದೆ.

ಆ ಓಟದಲ್ಲಿ ಮೊದಲ ತಿರುವು ಹೇಗೆ ಕಳೆಯಿತೋ ತಿಳಿಯಲಿಲ್ಲ. ಎರಡನೆಯದಕ್ಕೆ ಸೀಟು ಬಿಟ್ಟು ಎದ್ದು ನಿಂತು ತುಳಿಯಬೇಕಾಯಿತು. ಕಬ್ಬಿಣದ ಸೈಕಲ್ಲು, ಅದರ ಮೇಲೆ ಚೀಲ, ಫ್ಲಾಸ್ಕು, ನಾನು. ಚೈನು ಒಂದೊಂದು ಸುತ್ತಿಗೂ ಮುಲುಗುತ್ತಿತ್ತು. ಮೂರನೆಯ ತಿರುವಿನಲ್ಲಿ ಹೊಸದಾಗಿ ಸುರಿದಿದ್ದ ಜಲ್ಲಿ ಎದ್ದು ಹಿಂದಿನ ಚಕ್ರ ಜಾರಿತು. ಬೀಳುತ್ತೇನೆ ಎಂದುಕೊಂಡೆ. ಬಿದ್ದರೆ ಫ್ಲಾಸ್ಕು ಒಡೆಯುತ್ತದೆ, ಒಡೆದರೆ ಕೆಂಪಿಯ ಕತೆ ಮುಗಿಯಿತು, ಕೆಳಗೆ ಆ ನಾಲ್ಕು ಜನ ಮತ್ತೆ ನಗುತ್ತಾರೆ. ಆ ನಗು ನೆನೆದೇ ತುಳಿದೆನೆಂದು ಈಗ ಅನಿಸುತ್ತದೆ. ಪಕ್ಕದ ಬಂಡೆಯ ಮೇಲಿದ್ದ ಕುರಿಯವನೊಬ್ಬ ಕೋಲಿಗೆ ಗಲ್ಲ ಊರಿ ನೋಡುತ್ತಿದ್ದ. ಬೆಪ್ಪನ ಹಾಗೆ ನೋಡಿದನೇ ಹೊರತು ಹಿಂದಿನಿಂದ ಒಂದು ಕೈ ಕೊಡಬೇಕೆಂದು ಆ ಮಹಾರಾಯನಿಗೆ ಹೊಳೆಯಲಿಲ್ಲ. ಎದೆ ಒಡೆಯುವ ಹಾಗಾಗಿತ್ತು. ನೆಲಕ್ಕೆ ಕಾಲಿಡದೆ ನೆತ್ತಿ ಮುಟ್ಟಿದೆ.

ಹಟ್ಟಿಯೊಳಕ್ಕೆ ಸೈಕಲ್ ಮೇಲೆ ಕೂತೇ ಬಂದ ನನ್ನನ್ನು ಕಂಡು ಗಂಗಕ್ಕನ ಬಾಯಿಂದ ಹೊಗೆಸೊಪ್ಪು ಬಿತ್ತು. “ಯಾಕಪ್ಪಾ, ಯಾರ್ ಹೋಗ್ಬಿಟ್ರು?” ಅಂದಳು. ಸಾವಿನ ಸುದ್ದಿ ತರುವವನು ಬಿಟ್ಟರೆ ಇನ್ನಾರು ಹಾಗೆ ಬಂದಾರು ಎಂದು ಅವಳ ಲೆಕ್ಕ. ನನಗೆ ಉಸಿರು ತಿರುಗಿ ಮಾತು ಬರುವ ತನಕ ಕಾದು, ನಡೆದದ್ದನ್ನು ಕೇಳಿದಳು. ಕೆಂಪಿಯ ಹಗ್ಗ ಬಿಗಿದು ಹಿಡಿದುಕೊಂಡಳು. ಬಿರಡೆ ತೆಗೆದಾಗ ಐಸು ಇನ್ನೂ ಗಲಗಲ ಅನ್ನುತ್ತಿತ್ತು. ಅದರ ಸದ್ದು ಕೇಳಿ ನನಗೆ ಆದ ಸಂತೋಷವನ್ನು ಮುಚ್ಚಿಡುವುದಿಲ್ಲ.

ಇನ್ನು ನಾಳೆಯಿಂದ ಎಲ್ಲರೂ ಜಗಲಿಯ ಮುಂದೆ ಸೈಕಲ್ ಹೊಡೆದುಕೊಂಡು ಹೋಗುತ್ತಾರೆಂದು ನಾನು ಮನಸ್ಸಿನಲ್ಲಿ ಮಂಡಿಗೆ ತಿಂದೆ. ಯಾವನೂ ಹೋಗಲಿಲ್ಲ. ಬದಲಿಗೆ ನನಗೇ ಬುದ್ಧಿ ಹೇಳಿದರು. “ಒಂದ್ ಗಳಿಗೆ ಇಳಿದಿದ್ರೆ ನಿಮ್ ಗಂಟೇನ್ ಹೋಗ್ತಿತ್ತು ಸಾ” ಎಂದು ಒಬ್ಬ, “ಊರಿಗೊಂದು ದಾರಿಯಾದ್ರೆ ಪೋರನಿಗೊಂದು ದಾರಿ” ಎಂದು ಇನ್ನೊಬ್ಬ. ನಾನು ಅಂದಿನಿಂದ ಇಳಿಯುವುದನ್ನು ಬಿಟ್ಟೆ. ಪಟೇಲರು ನನ್ನ ಗಂಟೆಯ ಸದ್ದು ಕೇಳಿದೊಡನೆ ಕಂಬದ ಕಡೆ ಮುಖ ತಿರುಗಿಸಿಕೊಳ್ಳುವುದನ್ನು ರೂಢಿಸಿಕೊಂಡರು.

ದೀಪಾವಳಿ ಕಳೆದು ಕೆಲವು ವಾರಕ್ಕೆ ಕೆಂಪಿಯನ್ನು ಪರೀಕ್ಷೆ ಮಾಡಿದೆ. ನಿಂತಿತ್ತು. ಹಟ್ಟಿಯ ಇನ್ನೂ ಮೂರು ನಾಲ್ಕು ಹಸು ನಿಂತಿದ್ದವು. ಜನ ಇದಕ್ಕೂ ಕಾರಣ ಕಂಡುಕೊಂಡರು: ದಿಣ್ಣೆಗೆ ಹೊಸ ಜಲ್ಲಿ ಹಾಕಿದ್ದಾರಲ್ಲ, ಔಷಧಿ ಕುಲುಕಾಡುವುದಿಲ್ಲ. ಯಾವ ಜಲ್ಲಿ ನನ್ನನ್ನು ಕೆಡವಲು ನೋಡಿತ್ತೋ ಆ ಜಲ್ಲಿಗೆ ಕೀರ್ತಿ ಹೋಯಿತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರ ಜೊತೆ ವಾದಕ್ಕೆ ಇಳಿಯುವಷ್ಟು ಕೆಟ್ಟಿರಲಿಲ್ಲ ನಾನು.

ಸಂಕ್ರಾಂತಿ ಹೊತ್ತಿಗೆ ವರ್ಗದ ಆರ್ಡರು ಬಂತು. ಆಡಳಿತದ ಹಿತದೃಷ್ಟಿಯಿಂದ ಎಂದು ಅದರಲ್ಲಿತ್ತು. ಹಿರಿಯರೊಡನೆ ಸಭ್ಯತೆಯಿಂದ ನಡೆದುಕೊಳ್ಳುವುದಿಲ್ಲ ಎಂದು ನನ್ನ ಮೇಲೆ ದೂರು ಹೋಗಿತ್ತಂತೆ. ನಮ್ಮ ಡಾಕ್ಟರು ಪೆಚ್ಚುಮೋರೆ ಹಾಕಿ, “ಏನ್ಮಾಡೋದಪ್ಪ, ನೀನು ಇಳೀಬೇಕಿತ್ತು” ಅಂದರು. ಕಡೂರು ತಾಲ್ಲೂಕಿನ ಸಿಂಗಟಗೆರೆ ಕಡೆಗೆ ಹಾಕಿದ್ದರು. ತೆಂಗಿನತೋಟ, ಕೆರೆ ಏರಿ, ಬಯಲು. ದಿಣ್ಣೆ ಹತ್ತಿದ ತಪ್ಪಿಗೆ ಅಂಗೈಯಷ್ಟು ಮಟ್ಟಸವಾದ ನೆಲವನ್ನು ಶಿಕ್ಷೆಯಾಗಿ ಕೊಟ್ಟ ಆ ಬುದ್ಧಿವಂತರನ್ನು ನೆನೆದರೆ ಇವತ್ತಿಗೂ ನಗು ಬರುತ್ತದೆ. ಆದರೆ ಅವತ್ತು ಬಂದಿರಲಿಲ್ಲ. ಪೆಟ್ಟಿಗೆ ಕಟ್ಟುವಾಗ ಆ ಊರಿನ ಒಂದು ಪಿಳ್ಳೆಯೂ ಬರಲಿಲ್ಲ. ಗಂಗಕ್ಕನೂ ಬರಲಿಲ್ಲ. ಅವಳೂ ಅವರಂತೆಯೇ ಎಂದುಕೊಂಡು ಬಸ್ಸು ಹತ್ತಿದೆ.

ಮುಂಗಾರು ಹಿಡಿಯುವ ದಿನಗಳು. ಸಿಂಗಟಗೆರೆಯಲ್ಲಿ ಒಂದು ಮಧ್ಯಾಹ್ನ ನಾನು ಬಾಡಿಗೆಗೆ ಇದ್ದ ಮನೆಯ ಬಾಗಿಲಲ್ಲಿ ದೊಡ್ಡ ಗಂಟಲು ಕೇಳಿಸಿತು. ನೋಡಿದರೆ ಗಂಗಕ್ಕ. ಸೊಂಟದ ಮೇಲೆ ಬಟ್ಟೆ ಕಟ್ಟಿದ ಪಾತ್ರೆ. ಬೆಳಗಿನ ಜಾವ ಹಟ್ಟಿ ಬಿಟ್ಟು, ಅಜ್ಜಂಪುರದ ತನಕ ನಡೆದು, ಅಲ್ಲಿಂದ ಬಸ್ಸಿನ ಮೇಲೆ ಬಸ್ಸು ಹತ್ತಿ, ಕೇಳಿಕೊಂಡು ಕೇಳಿಕೊಂಡು ಬಂದಿದ್ದಳು.

“ಕೆಂಪಿ ಹೆಣ್ಗರ ಹಾಕ್ತು ಕಣಪ್ಪ. ಹಣೇಲಿ ಬಿಳೀ ಬೊಟ್ಟು ಐತೆ. ಗಿಣ್ಣು ತಂದಿವ್ನಿ” ಅಂದಳು.

ಬಾಗಿಲಹಳ್ಳಿ, ಗುಡ್ಡದಹಟ್ಟಿ ಎರಡರಲ್ಲೂ ಯಾವ ಹಸು ಕರು ಹಾಕಿದರೂ ಮೊದಲ ಗಿಣ್ಣು ಪಟೇಲರ ಮನೆಗೆ ಹೋಗಬೇಕು. ಆ ಮೇಲೆ ದೇವರಿಗೆ, ಆ ಮೇಲೆ ಮನೆಯವರಿಗೆ. ಅದು ನನಗೆ ಗೊತ್ತಿತ್ತು. ಹಾಗಾಗಿ, ಕೊಟ್ಟು ಉಳಿದದ್ದನ್ನು ತಂದಿದ್ದಾಳೆ ಎಂದುಕೊಂಡು, “ಜಗಲಿಗೆ ಮುಟ್ಟಿಸಿದ್ದಾಯ್ತಾ?” ಎಂದು ಸ್ವಲ್ಪ ವ್ಯಂಗ್ಯವಾಗಿಯೇ ಕೇಳಿದೆ.

ಗಂಗಕ್ಕ ಪಾತ್ರೆಯನ್ನು ನೆಲಕ್ಕಿಟ್ಟು ಸೆರಗಿನಲ್ಲಿ ಮುಖ ಒರೆಸಿಕೊಂಡಳು. “ತಲೆ ಮೇಲೆ ಪಾತ್ರೆ ಇಟ್ಕೊಂಡು ದಿಣ್ಣೆ ಇಳಿದು ಬಂದೆ. ಎದ್ದು ಕೂತಿದ್ರು. ‘ಏನೇ ಗಂಗೀ, ಗಿಣ್ಣೇನೇ, ಒಳಗೆ ಕೊಟ್ಟೋಗು’ ಅಂದ್ರು.”

“ಆಮೇಲೆ?”

“ನಿಂತ್ರೆ ಕೆಟ್ಟೋಗ್ತದೆ ಗೌಡ್ರೆ ಅಂದೆ. ಬಂದ್ಬಿಟ್ಟೆ.”

ಎರಡು ಊರಿನ ಗಂಡಸರೆಲ್ಲ ಸೇರಿ ಮಾಡಲಾರದ್ದನ್ನು ಮಾಡಿಬಂದವಳು ಅದನ್ನು ಬಾವಿಯಿಂದ ನೀರು ತಂದೆ ಅನ್ನುವ ಹಾಗೆ ಹೇಳಿ, ಪಾತ್ರೆಯ ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚತೊಡಗಿದಳು. ಅವಳೂ ಅವರಂತೆಯೇ ಎಂದುಕೊಂಡು ಬಸ್ಸು ಹತ್ತಿದವನು ನಾನು.

ಬಟ್ಟೆ ಬಿಚ್ಚಿದೊಡನೆ ಹುಳಿ ವಾಸನೆ ಬಂತು. ಗಂಗಕ್ಕನ ಮುಖ ಸಣ್ಣಗಾಯಿತು. “ನಾನೆಲ್ಲೂ ನಿಲ್ಲಲಿಲ್ಲ ಕಣಪ್ಪ. ಬೀರೂರಲ್ಲಿ ಆ ಹಾಳ್ ಬಸ್ಸು ನಿಂತ್ಬಿಡ್ತು” ಅಂದಳು.

“ಚೆನ್ನಾಗಿದೆ ಗಂಗಕ್ಕ, ಕೊಡು” ಎಂದು ತಟ್ಟೆ ಇಟ್ಟೆ. ಅವಳು ಚಾಕು ಕೇಳಿ ಇಸಿದುಕೊಂಡು ಗಿಣ್ಣನ್ನು ಹೋಳು ಮಾಡಿ ಬಡಿಸಿದಳು. ಅವಳು ನೋಡುತ್ತಿದ್ದ ಹಾಗೇ ಕೂತು ಪಾತ್ರೆ ಖಾಲಿಯಾಗುವ ತನಕ ತಿಂದೆ.